ಬಾನಿನಲ್ಲಿ ದುಡಿಯುವವರು

ವಿಮಾನ ಚಾಲಕನಿಗೂ ಕಷ್ಟವೆ ಎಂದು ಕೇಳಿದರೆ ನಮ್ಮಲ್ಲಿ ಹಲವರು ನಗುವುದುಂಟು. ಅವನ ಸಮವಸ್ತ್ರ, ಹೆಗಲ ಮೇಲಿನ ಬಂಗಾರದ ಪಟ್ಟಿ, ದೊಡ್ಡ ಹೋಟೆಲುಗಳ ವಾಸ, ಇವನ್ನು ಕಂಡು ಅವನದು ರಾಜಭೋಗವೆಂದು ತಿಳಿಯುತ್ತೇವೆ. ಅನುಭವಸ್ಥ ಕ್ಯಾಪ್ಟನ್ನನ ಸಂಬಳ ದೊಡ್ಡದೆಂಬುದು ಸುಳ್ಳಲ್ಲ. ಆದರೆ ಆ ಸ್ಥಾನಕ್ಕೇರುವ ಮೊದಲು ಅವನು ಹೊತ್ತ ಸಾಲ, ಏರಿದ ಮೇಲೆ ಕಳೆಯುವ ನಿದ್ದೆಗೆಟ್ಟ ರಾತ್ರಿಗಳು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್‌ಗಳ ಜನ ಇಂದು ಹುಬ್ಬಳ್ಳಿಗೋ ಬೆಳಗಾವಿಗೋ ಹೋಗಿ ವಿಮಾನ ಹತ್ತುತ್ತಾರೆ. ಆದ್ದರಿಂದ ಇದು ನಮಗೂ ಸಂಬಂಧಪಟ್ಟ ಮಾತು.

ಈ ವಿದ್ಯೆ ಅಗ್ಗವಲ್ಲ. ವಾಣಿಜ್ಯ ವಿಮಾನ ಚಾಲಕನ ಪರವಾನಗಿಗೆ ಕನಿಷ್ಠ 200 ಗಂಟೆಗಳ ಹಾರಾಟ ಬೇಕು. ಬೆಂಗಳೂರಿನ ಜಕ್ಕೂರಿನಲ್ಲಿ ಸರಕಾರದ ಹಳೆಯ ಹಾರಾಟ ಶಾಲೆಯಿದೆ. ಈಚೆಗೆ ಬೆಳಗಾವಿ, ಕಲಬುರಗಿಗಳಲ್ಲೂ ತರಬೇತಿ ಶಾಲೆಗಳು ತೆರೆದವು. ಆದರೆ ಒಟ್ಟು ವೆಚ್ಚ ಹತ್ತಾರು ಲಕ್ಷ ರೂಪಾಯಿ. ಅದಾದ ಮೇಲೆ, ನಡೆಸಬೇಕಾದ ವಿಮಾನದ ಜಾತಿಗೆ ತಕ್ಕ ತರಬೇತಿ ಬೇರೆ; ಅದರ ಖರ್ಚೂ ಎಷ್ಟೋ ಸಲ ತರುಣನ ತಲೆಯ ಮೇಲೆಯೇ. ಹೊಲ ಒತ್ತೆಯಿಟ್ಟು, ಮನೆ ಅಡವಿಟ್ಟು ಮಗನನ್ನೋ ಮಗಳನ್ನೋ ಕಲಿಸಿದ ತಂದೆಗೆ, ಕೆಲಸ ಸಿಗುವತನಕ ಬಡ್ಡಿ ನಿಲ್ಲದು. ಕೆಲಸ ಸಿಕ್ಕ ಮೇಲೂ ಮೊದಲ ವರುಷಗಳ ಸಂಬಳದಲ್ಲಿ ದೊಡ್ಡ ಪಾಲು ಸಾಲಕ್ಕೇ ಹೋಗುತ್ತದೆ. ವೈದ್ಯಕೀಯ ಪರೀಕ್ಷೆಯಲ್ಲಿ ಅನರ್ಹನೆನಿಸಿದರಂತೂ ಹಾರಾಟವೇ ನಿಂತಿತು.

ಈ ಸಂಬಳದ ರೀತಿಯನ್ನು ಇಳಕಲ್ಲಿನ ನೇಕಾರ ಚೆನ್ನಾಗಿ ಬಲ್ಲ. ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಎಳೆಯೆಳೆಯಾಗಿ ಕೊಂಡಿ ಹಾಕಿ ಜೋಡಿಸುವ ತಾಳ್ಮೆಯ ಕೆಲಸ ಅವನದು. ಆದರೆ ಕೂಲಿ ಬರುವುದು ಸೀರೆಯ ಲೆಕ್ಕದಲ್ಲಿ. ಮಗ್ಗ ನಿಂತ ದಿನ ಗಳಿಕೆಯೂ ನಿಂತಿತು. ಹಲವು ವಿಮಾನ ಕಂಪನಿಗಳಲ್ಲಿ ಚಾಲಕನ ಸಂಬಳದ ಬಹು ಪಾಲು ಹೀಗೆಯೇ ಹಾರಿದ ಗಂಟೆಗಳನ್ನು ನೆಚ್ಚಿದೆ. 2020ರಲ್ಲಿ ಕೋವಿಡ್ಡಿನ ದೆಸೆಯಿಂದ ದೇಶದೊಳಗಿನ ವಿಮಾನಗಳು ಎರಡು ತಿಂಗಳು ನೆಲ ಹಿಡಿದಾಗ, ಎಷ್ಟೋ ಚಾಲಕರ ಸಂಬಳಕ್ಕೆ ಕತ್ತರಿ ಬಿದ್ದಿತು. ಕೆಲವರಿಗೆ ಸಂಬಳವಿಲ್ಲದ ರಜೆ.

ನಮ್ಮ ನಾಡಿನದೇ ಇನ್ನೊಂದು ಕಥೆಯಿದೆ. ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್ 2003ರಲ್ಲಿ ಹಾರಾಟ ತೊಡಗಿ, ಸಾಮಾನ್ಯರಿಗೂ ವಿಮಾನ ಎಟಕುವಂತೆ ಮಾಡಿತು. ಮುಂದೆ ಅದು ಬೆಂಗಳೂರಿನ ಕಿಂಗ್‌ಫಿಷರ್ ಸಂಸ್ಥೆಯಲ್ಲಿ ಸೇರಿಹೋಯಿತು. ಆ ಸಂಸ್ಥೆ ಸಾಲದಲ್ಲಿ ಮುಳುಗಿ, 2012ರಲ್ಲಿ ಚಾಲಕರಿಗೂ ಇಂಜಿನಿಯರರಿಗೂ ತಿಂಗಳುಗಟ್ಟಲೆ ಸಂಬಳ ಕೊಡಲಿಲ್ಲ. ಅವರು ಮುಷ್ಕರ ಹೂಡಿದರು. ಅದೇ ವರುಷದ ಅಕ್ಟೋಬರಿನಲ್ಲಿ ಹಾರಾಟ ನಿಂತು, ಪರವಾನಗಿಯೂ ಅಮಾನತಾಯಿತು. ಬಾಕಿ ಸಂಬಳಕ್ಕಾಗಿ ಕಾದವರ ಪಾಡು ಮನೆ ನಡೆಸುವವರೆಲ್ಲರಿಗೂ ತಿಳಿದದ್ದೇ.

ಸಂಬಳಕ್ಕಿಂತ ಗಂಭೀರವಾದುದು ನಿದ್ರೆಯ ಪ್ರಶ್ನೆ. 2010ರ ಮೇ 22ರ ಬೆಳಗಿನ ಜಾವ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನಲ್ಲಿ ಓಡುಹಾದಿಯನ್ನು ದಾಟಿ ಕಂದರಕ್ಕೆ ಬಿತ್ತು. 158 ಜನ ತೀರಿಕೊಂಡರು. ಬದುಕಿದವರು ಎಂಟೇ ಮಂದಿ. ಕ್ಯಾಪ್ಟನ್ ದಾರಿಯಲ್ಲಿ ಒಂದೂವರೆ ಗಂಟೆಗೂ ಹೆಚ್ಚು ಕಾಲ ನಿದ್ರಿಸಿದ್ದನೆಂದೂ, ಎಚ್ಚರವಾದ ಮೇಲೂ ನಿದ್ರೆಯ ಮಂಪರು ಅವನ ವಿವೇಚನೆಯನ್ನು ಕುಂದಿಸಿರಬಹುದೆಂದೂ ವಿಚಾರಣೆಯಲ್ಲಿ ಕಂಡುಬಂತು. ಇಳಿಯಬೇಡಿ, ಮತ್ತೆ ಮೇಲೇರಿ ಎಂದು ಸಹಚಾಲಕ ಎಚ್ಚರಿಸಿದ್ದೂ ಫಲಿಸಲಿಲ್ಲ. ಗಮನಿಸಬೇಕಾದದ್ದು ಇದು: ಆ ಕ್ಯಾಪ್ಟನ್ ರಜೆ ಮುಗಿಸಿ ಬಂದವನು. ಹಾಗಿದ್ದೂ ನಟ್ಟಿರುಳಿನ ನಿದ್ದೆ ಅವನನ್ನು ಬಿಡಲಿಲ್ಲ. ಹಾಗಾದರೆ ರಾತ್ರಿಯ ಮೇಲೆ ರಾತ್ರಿ ದುಡಿದವನ ಗತಿಯೇನು?

ಇದಕ್ಕಾಗಿಯೇ ವಿಮಾನಯಾನ ಮಹಾನಿರ್ದೇಶನಾಲಯವು 2024ರ ಜನವರಿಯಲ್ಲಿ ಹೊಸ ನಿಯಮ ಹೊರಡಿಸಿತು. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೇರಿತು. ರಾತ್ರಿಯ ವೇಳೆ ವಿಮಾನ ಇಳಿಸುವ ಸಲಗಳಿಗೂ ಬಿಗಿ ಮಿತಿ ಬಂತು. ನಿಯಮಗಳು ಪೂರ್ತಿಯಾಗಿ ಜಾರಿಗೆ ಬಂದದ್ದು 2025ರ ನವೆಂಬರಿನಲ್ಲಿ. ಮರುತಿಂಗಳೇ ಇಂಡಿಗೋ ಕಂಪನಿಯ ವಿಮಾನಗಳು ಸಾವಿರಗಟ್ಟಲೆ ರದ್ದಾಗಿ ಪ್ರಯಾಣಿಕರು ನಿಲ್ದಾಣಗಳಲ್ಲಿ ಕಂಗೆಟ್ಟರು. ಆ ಕಂಪನಿಗೆ ಕೆಲ ನಿಯಮಗಳಿಂದ ತಾತ್ಕಾಲಿಕ ವಿನಾಯಿತಿ ಕೊಡಬೇಕಾಯಿತು. ಚಾಲಕರಿಗೆ ವಿಶ್ರಾಂತಿ ಕೊಟ್ಟದ್ದು ಅಲ್ಲಿ ತಪ್ಪಲ್ಲ. ಆ ವಿಶ್ರಾಂತಿಗೆ ತಕ್ಕಷ್ಟು ಜನರನ್ನು ಮೊದಲೇ ಅಣಿಗೊಳಿಸದಿದ್ದುದು ತಪ್ಪು.

ಇಳಕಲ್ಲಿನಿಂದ ರಾತ್ರಿ ಬಸ್ಸಿಗೆ ಹೊರಟಾಗ, ಡ್ರೈವರ್ ಹಗಲು ನಿದ್ದೆ ಮಾಡಿದ್ದಾನೆಯೆ ಎಂದು ಮನೆಯ ಹಿರಿಯರು ವಿಚಾರಿಸುವುದುಂಟು. ವಿಮಾನ ಹತ್ತುವಾಗ ನಾವು ವಿಚಾರಿಸುವುದು ಟಿಕೆಟಿನ ದರವನ್ನು ಮಾತ್ರ. ದರ ಇಳಿಯಲಿ, ಒಳ್ಳೆಯದೇ. ಆದರೆ ಆ ಇಳಿತ ಚಾಲಕನ ನಿದ್ರೆಯಿಂದಲೂ ಅವನ ಮನೆಯ ಅನ್ನದಿಂದಲೂ ಬಂದುದಾಗಿದ್ದರೆ, ಅದಕ್ಕೆ ಬೆಲೆ ತೆರುವವರು ಹಿಂದಿನ ಆಸನಗಳಲ್ಲಿ ಕುಳಿತ ನಾವೇ. ಹೊತ್ತಿಗೆ ಸರಿಯಾದ ಸಂಬಳ, ಕಣ್ತುಂಬ ನಿದ್ದೆ, ದಣಿದೆನೆಂದು ಹೇಳಿಕೊಂಡರೆ ಕೆಲಸಕ್ಕೆ ಸಂಚಕಾರ ಬಾರದೆಂಬ ಧೈರ್ಯ, ಈ ಮೂರು ಚಾಲಕನಿಗೆ ದೊರೆಯಬೇಕು. ಅವು ಅವನಿಗೆ ತೋರುವ ಉಪಕಾರವಲ್ಲ; ನಮ್ಮ ಜೀವದ ಕಾಪು.