ಅಳತೆ ಒಂದಾದರೆ ಹೋಲಿಕೆ ನ್ಯಾಯ
(ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ನಮ್ಮ ಡೈರಿಯಲ್ಲಿ ದಿನವೂ ಹಾಲಿನ ಫ್ಯಾಟ್ ನೋಡ್ತೀವಿ. ಎಲ್ಲರ ಹಾಲಿಗೂ ಒಂದೇ ಅಳತೆ. ಅದಕ್ಕೇ ಜಗಳ ಕಮ್ಮಿ. ಆದರೆ ಊರಿನ ನೀರು, ಬೀದಿ ದೀಪ, ಕಸದ ಕೆಲಸಕ್ಕೆ ಅಳತೆ ಯಾವುದು? "ಪಕ್ಕದ ಪಂಚಾಯ್ತಿಯೇ ವಾಸಿ" ಅಂತ ಕಟ್ಟೆಯ ಮೇಲೆ ಕೂತು ಹೇಳ್ತೀವಿ, ಅಷ್ಟೆ.

ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಕೆಲವು ನಗರಸಭೆಗಳು 1995ರಲ್ಲಿ ಇದಕ್ಕೆ ಸಹಕಾರದ ದಾರಿ ಹಿಡಿದವು. ಅಲ್ಲಿನ ವಿಶ್ವವಿದ್ಯಾಲಯ ಜೊತೆಗೂಡಿತು. ಒಂದು ಟನ್ ಕಸ ಎತ್ತಲು ಖರ್ಚೆಷ್ಟು, ಜನರಿಂದ ಬಂದ ದೂರುಗಳೆಷ್ಟು ಎಂದು ಲೆಕ್ಕ ಹಾಕಿ ವರದಿ ಅಚ್ಚು ಹಾಕಿಸಿದರು.

ಒಬ್ಬರು ಸಂಬಳ ಮಾತ್ರ ಬರೆದು, ಇನ್ನೊಬ್ಬರು ಲಾರಿಯ ಸವಕಳಿಯನ್ನೂ ಸೇರಿಸಿದರೆ ಹೋಲಿಕೆ ಸುಳ್ಳಾಗುತ್ತದೆ. ಆದ್ದರಿಂದ ಸಂಬಳ, ಕಚೇರಿ ಖರ್ಚು, ಸವಕಳಿ ಎಲ್ಲವೂ ಸೇರಬೇಕೆಂದು ನಿಯಮ ಮಾಡಿಕೊಂಡರು. ಹಿತ್ತಲಿಗೇ ಬಂದು ಕಸ ಒಯ್ಯುವ ಊರಿಗೆ ಖರ್ಚು ಹೆಚ್ಚು; ಅಂಥ ಕಾರಣಗಳನ್ನೂ ಬರೆದರು. ಹಿಂದೆ ಬಿದ್ದವರನ್ನು ಹಂಗಿಸಲಿಕ್ಕಲ್ಲ, ಮುಂದಿರುವವರನ್ನು ಕೇಳಿ ಕಲಿಯಲಿಕ್ಕೆ.

ನಮ್ಮ ಸುತ್ತಲಿನ ನಾಲ್ಕು ಪಂಚಾಯ್ತಿಗಳೂ ಸೇರಿ ಒಂದೇ ನಮೂನೆಯ ಪುಸ್ತಕ ಇಡಲಿ. ತಿಂಗಳಲ್ಲಿ ನೀರು ಬಂದದ್ದು ಎಷ್ಟು ದಿನ, ಕೆಟ್ಟ ಮೋಟಾರು ರಿಪೇರಿ ಆಗಿದ್ದು ಎಷ್ಟು ದಿನಕ್ಕೆ, ಗ್ರಾಮಸಭೆಯಲ್ಲಿ ಓದಿ ಹೇಳಲಿ. ನಮ್ಮ ಊರು ಕೊನೆಗೆ ಬಂದರೂ ಮುಚ್ಚಿಡೋದು ಬೇಡ. ಮುಚ್ಚಿಟ್ಟರೆ ಕೊಡ ಹಿಡಿದು ಕಾಯೋರು ನಮ್ಮ ಮನೆಯ ಹೆಣ್ಣುಮಕ್ಕಳೇ.

ಫ್ಯಾಟ್ ಕಮ್ಮಿ ಬಂತು ಅಂತ ಯಾರೂ ಯಂತ್ರ ಒಡೆಯೋದಿಲ್ಲ. ಹಸುವಿನ ಮೇವು ನೋಡ್ತೀವಿ. ಊರಿನ ಕೆಲಸಕ್ಕೂ ಇದೇ ಬುದ್ಧಿ ಇರಲಿ ಎಂದು ಪ್ರಾರ್ಥಿಸಿ ನನ್ನ ಮಾತು ಮುಗಿಸುತ್ತೇನೆ.