ಚೀಲವಲ್ಲದ ಶ್ವಾಸಕೋಶ

ಹಳಗನ್ನಡದಲ್ಲಿ 'ಉಸಿರ್' ಎಂಬ ಧಾತುವಿಗೆ ಉಸಿರಾಡು ಎಂಬ ಅರ್ಥವೂ ಉಂಟು, ಮಾತನಾಡು ಎಂಬ ಅರ್ಥವೂ ಉಂಟು. 'ಈ ಸಂಗತಿಯನ್ನು ಯಾರಿಗೂ ಉಸುರಬೇಡ' ಎಂದು ಇಂದಿಗೂ ಹೇಳುತ್ತೇವೆ. ಉಸಿರಿಗೆ ಇಷ್ಟು ಮರ್ಯಾದೆ ಸಲ್ಲಿಸಿದ ನಮ್ಮ ನುಡಿಯಲ್ಲಿ ಅದರ ಅಂಗಕ್ಕೆ ನಾವು ಇಟ್ಟುಕೊಂಡಿರುವ ಹೆಸರು ಮಾತ್ರ ಸ್ವಲ್ಪ ದಾರಿ ತಪ್ಪಿಸುವಂಥದು. 'ಶ್ವಾಸಕೋಶ' ಎಂದೊಡನೆ ಗಾಳಿಯನ್ನು ತುಂಬಿಟ್ಟುಕೊಳ್ಳುವ ಎರಡು ಚೀಲಗಳು ಕಣ್ಣಮುಂದೆ ನಿಲ್ಲುತ್ತವೆ. ಕೋಶವೆಂದರೆ ಭಂಡಾರವಲ್ಲವೆ? ಆದರೆ ಈ ಭಂಡಾರದ ಬಾಗಿಲನ್ನು ಕೆಲವೇ ನಿಮಿಷ ಮುಚ್ಚಿದರೂ ಬೊಕ್ಕಸ ಬರಿದು.

ಕುಲುಮೆಯ ತಿದಿಗೆ ಇದನ್ನು ಹೋಲಿಸುವುದುಂಟು. ಅದೂ ಅರ್ಧ ಸತ್ಯವೇ. ತಿದಿಯ ಕೆಲಸ ಮಾಡುವುದು ಎದೆಯ ಗೂಡು. ಪಕ್ಕೆಲುಬುಗಳು ಮೇಲೇಳುತ್ತವೆ, ಕೆಳಗಿನ ವಪೆ ತಗ್ಗುತ್ತದೆ, ಶ್ವಾಸಕೋಶ ಅವುಗಳನ್ನು ಹಿಂಬಾಲಿಸಿ ಹಿಗ್ಗುತ್ತದೆ. ತಾನಾಗಿ ಹಿಗ್ಗುವ ಸ್ನಾಯು ಅದಕ್ಕಿಲ್ಲ. ಎಡಬಲಗಳೂ ಸಮಾನವಲ್ಲ. ಬಲಗಡೆಯದಕ್ಕೆ ಮೂರು ಹಾಲೆಗಳು; ಎಡಗಡೆಯದು ಹೃದಯಕ್ಕೆ ಎಡೆಮಾಡಿಕೊಟ್ಟು ಎರಡರಲ್ಲೇ ತೃಪ್ತಿಪಟ್ಟಿದೆ.

ಹಾಗಾದರೆ ಒಳಗಿರುವುದೇನು? ಬುಡಮೇಲಾದ ಒಂದು ಮರ. ಶ್ವಾಸನಾಳವೆಂಬ ಕಾಂಡ ಎರಡಾಗಿ, ಎರಡು ನಾಲ್ಕಾಗಿ, ಹೀಗೆ ಸುಮಾರು 23 ಸಲ ಕವಲೊಡೆಯುತ್ತದೆ. ತುದಿಯಲ್ಲಿ ಎಲೆಗಳ ಬದಲು ಸಾಸಿವೆಗಿಂತಲೂ ಸಣ್ಣವಾದ ಗಾಳಿಗೂಡುಗಳು. ಮೂವತ್ತರಿಂದ ಐವತ್ತು ಕೋಟಿ. ಇವುಗಳ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ 70 ಚದರ ಮೀಟರಿಗೆ ಕಡಿಮೆಯಾಗದು. ಒಂದು ಸಣ್ಣ ಮನೆಯ ನೆಲದಷ್ಟು! ಗಾಳಿಗೂ ನೆತ್ತರಿಗೂ ನಡುವೆ ಇರುವ ಗೋಡೆಯಾದರೋ, ತೆಳುವಾದ ಕಡೆ, ಒಂದು ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಪಾಲು. ಈ ಅಂಗ ಚೀಲವೇ ಅಲ್ಲ, ಮಡಿಚಿಟ್ಟ ಒಂದು ವಿಸ್ತಾರ.

ಇದನ್ನು ಮೊದಲು ಕಂಡವನು ಇಟಲಿಯ ಮಾಲ್ಪಿಘಿ. ರಕ್ತ ದೇಹದಲ್ಲಿ ಸುತ್ತಿ ಬರುತ್ತದೆಂದು ಇಂಗ್ಲೆಂಡಿನ ಹಾರ್ವೆ 1628ರಲ್ಲಿ ಸಾಧಿಸಿದ್ದ. ಧಮನಿಯಿಂದ ಸಿರೆಗೆ ಅದು ದಾಟುವ ಸೇತುವೆ ಮಾತ್ರ ಅವನ ಕಣ್ಣಿಗೆ ಬೀಳಲಿಲ್ಲ. ಅವನು ತೀರಿಕೊಂಡದ್ದು 1657ರಲ್ಲಿ. ಮುಂದೆ ನಾಲ್ಕೇ ವರ್ಷಕ್ಕೆ, 1661ರಲ್ಲಿ, ಮಾಲ್ಪಿಘಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಗಾಳಿಗೂಡುಗಳನ್ನೂ ಅವುಗಳ ಗೋಡೆಯ ಕೂದಲೆಳೆಯಂಥ ರಕ್ತನಾಳಗಳನ್ನೂ ಕಂಡ. ಹಾರ್ವೆಗೆ ಆ ನಾಲ್ಕು ವರ್ಷ ದಕ್ಕಬೇಕಾಗಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಇಷ್ಟು ತೆಳುವಾದ ಗೂಡು ಕುಸಿಯದೆ ನಿಲ್ಲುವುದಾದರೂ ಹೇಗೆ? ಅದರ ಒಳಮೈ ಸದಾ ಒದ್ದೆ. ನೀರಿಗೆ ತನ್ನನ್ನು ತಾನೇ ಎಳೆದುಕೊಳ್ಳುವ ಗುಣವಿದೆ. ನೆನೆದ ಬಟ್ಟೆ ಮೈಗಂಟುವಂತೆ ಒದ್ದೆಯಾದ ಗೂಡೂ ಮುದುಡಿ ಅಂಟಿಕೊಳ್ಳಬೇಕು. ಗೂಡು ಚಿಕ್ಕದಾದಷ್ಟೂ ಆ ಸೆಳೆತ ಹೆಚ್ಚು. ಹಾಗಾಗದಂತೆ ಗೋಡೆಯ ಕೆಲವು ಜೀವಕಣಗಳು ಸಾಬೂನಿನ ಗುಣವುಳ್ಳ ಒಂದು ಸ್ನಿಗ್ಧ ದ್ರವವನ್ನು ಒಸರುತ್ತವೆ. ಅದು ನೀರಿನ ಪಟ್ಟನ್ನು ಸಡಿಲಿಸುತ್ತದೆ. ಗರ್ಭದಲ್ಲಿರುವ ಶಿಶುವಿಗೆ ಈ ಒಸರು ಸಾಕಷ್ಟು ಒದಗುವುದು ಕೊನೆಯ ವಾರಗಳಲ್ಲಿ. ಅವಸರಪಟ್ಟು ಹುಟ್ಟಿದ ಕೂಸು ಒಂದೊಂದು ಉಸಿರಿಗೂ, ನಾವು ಮೊದಲ ಉಸಿರಿಗೆ ಪಟ್ಟಷ್ಟೇ ಪಾಡು ಪಡಬೇಕಾಗುತ್ತದೆ. ಬಿಟ್ಟ ಉಸಿರಿನೊಡನೆ ಗೂಡುಗಳು ಮತ್ತೆ ಮುಚ್ಚಿಕೊಳ್ಳುತ್ತವೆ.

ಅಂಥ ಮಕ್ಕಳ ಮರಣಕ್ಕೆ ಕಾರಣ ಈ ಒಸರಿನ ಅಭಾವವೆಂದು 1959ರಲ್ಲಿ ಬಾಸ್ಟನ್ನಿನ ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್ ತೋರಿಸಿಕೊಟ್ಟರು. ಕಾರಣ ತಿಳಿಯಿತು, ಮದ್ದು ಸಿಗಲಿಲ್ಲ. 1963ರ ಆಗಸ್ಟಿನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮುಂಚಿತವಾಗಿ ಹುಟ್ಟಿ, ಎರಡು ದಿನ ತುಂಬುವ ಮೊದಲೇ ಅದೇ ಬಾಸ್ಟನ್ನಿನಲ್ಲಿ ಅಸುನೀಗಿದ. ಅಧಿಕಾರವಾಗಲಿ ಐಶ್ವರ್ಯವಾಗಲಿ ಆ ಒಂದು ಚಮಚದಷ್ಟು ದ್ರವವನ್ನು ತಂದುಕೊಡಲಾರದೆ ಹೋದವು. 1980ರಲ್ಲಿ ಜಪಾನಿನ ಫುಜಿವಾರಾ ಎಂಬ ವೈದ್ಯರು ಹಸುವಿನ ಶ್ವಾಸಕೋಶದಿಂದ ಬೇರ್ಪಡಿಸಿ ಸಿದ್ಧಪಡಿಸಿದ ದ್ರವವನ್ನು ಹತ್ತು ಶಿಶುಗಳ ಶ್ವಾಸನಾಳಕ್ಕೆ ಸಣ್ಣ ಕೊಳವೆಯ ಮೂಲಕ ಇಳಿಸಿದರು. ಸ್ವಲ್ಪ ಹೊತ್ತಿನಲ್ಲೇ ಆ ಮಕ್ಕಳ ಉಸಿರಾಟ ಹಗುರಾಯಿತು. ಅಂಥದೇ ದ್ರವ ಇಂದು ನಮ್ಮ ನಗರಗಳ ನವಜಾತ ಶಿಶುಗಳ ವಾರ್ಡುಗಳಲ್ಲಿ ಸಣ್ಣ ಸೀಸೆಗಳಲ್ಲಿ ದೊರೆಯುತ್ತದೆ.