ಶಾಲು ಹೊದಿಸುವ ಮುನ್ನ ಸಂಬಳದ ಪುಸ್ತಕ ನೋಡೋಣ

(ವರ್ತಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ವ್ಯಾಪಾರ ಮತ್ತು ಸಾಮಾಜಿಕ ಹೊಣೆಗಾರಿಕೆ ಎಂಬ ವಿಷಯವನ್ನು ನಮಗೆ ಕೊಡಲಾಗಿದೆ. ಇಂಥ ಸಭೆಗಳಲ್ಲಿ ದಾನದ ಮಹತ್ವವನ್ನು ವಿವರಿಸಿ, ದಾನಿಗಳಿಗೆ ಶಾಲು ಹೊದಿಸಿ, ಊಟಕ್ಕೆ ಏಳುವುದು ವಾಡಿಕೆ. ನಾವು ಇಂದು ದಾನದಿಂದಲ್ಲ, ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ಮಾತು ಆರಂಭಿಸುತ್ತೇವೆ.

ಪ್ರವಾದಿ ಶುಐಬರನ್ನು(ಅ) ಮದ್ಯನ್ ಜನಾಂಗದೆಡೆಗೆ ಕಳುಹಿಸಲಾಯಿತು. ಏಕದೇವಾರಾಧನೆಯ ಕರೆಯ ಬೆನ್ನಿಗೇ ಅವರು ಎತ್ತಿದ ವಿಷಯ ಅಳತೆ ಮತ್ತು ತೂಕದ್ದು. ಜನಾಂಗದ ಪ್ರತಿಕ್ರಿಯೆಯನ್ನು ಕುರ್‌ಆನಿನ ಹೂದ್ ಅಧ್ಯಾಯವು ದಾಖಲಿಸಿದೆ. ತಮ್ಮ ಸೊತ್ತಿನ ವ್ಯವಹಾರಕ್ಕೂ ಶುಐಬರ ನಮಾಝಿಗೂ ಏನು ಸಂಬಂಧ ಎಂಬ ಧಾಟಿಯಲ್ಲಿ ಅವರು ಗೇಲಿ ಮಾಡಿದರು. ಮಸೀದಿಯ ಮೊದಲ ಸಾಲಿನಲ್ಲಿ ನಿಲ್ಲುವ ನಮ್ಮಲ್ಲೂ ಈ ಪ್ರಶ್ನೆ ಸತ್ತಿಲ್ಲ. ಬಾಯಿಬಿಟ್ಟು ಕೇಳುವುದಿಲ್ಲ, ಅಷ್ಟೇ. ಪ್ರವಾದಿವರ್ಯರು(ಸ) ಒಮ್ಮೆ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ತೂರಿದಾಗ ಬೆರಳಿಗೆ ತೇವ ತಾಗಿತು. ಮಳೆಗೆ ನೆನೆದದ್ದೆಂದು ವರ್ತಕ ಹೇಳಿದ. ಹಾಗಿದ್ದರೆ ನೆನೆದುದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲ ಎಂಬುದು ಅವರ ಆಕ್ಷೇಪವಾಗಿತ್ತು. ಆತ ಎಷ್ಟು ದಾನ ಕೊಡುತ್ತಾನೆಂದು ಅವರು ವಿಚಾರಿಸಿದ ಉಲ್ಲೇಖ ಅಲ್ಲಿಲ್ಲ.

ಇನ್ನು ನಮ್ಮ ದೇಶದ ಕಾನೂನನ್ನು ನೋಡೋಣ. 2013ರ ಕಂಪೆನಿ ಕಾಯ್ದೆಯ 135ನೇ ಕಲಮು 2014ರ ಎಪ್ರಿಲ್ 1ರಿಂದ ಜಾರಿಗೆ ಬಂತು. ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ, ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪೆನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ನ್ನು ಸಮಾಜಕ್ಕಾಗಿ ವ್ಯಯಿಸಬೇಕು. ಈ ಸಭಾಂಗಣದಲ್ಲಿ ಆ ಲೆಕ್ಕಕ್ಕೆ ಬರುವವರು ಹೆಚ್ಚು ಮಂದಿ ಇರಲಾರರು. ಆದರೆ ಅದರ ನಿಯಮಗಳಲ್ಲಿ ನಮಗೆಲ್ಲ ಪಾಠವಾಗಬಲ್ಲ ಒಂದು ಅಂಶವಿದೆ. ಸ್ವಂತ ನೌಕರರಿಗಷ್ಟೇ ಪ್ರಯೋಜನವಾಗುವ ಖರ್ಚನ್ನು ಈ ಶೇ. 2ರಲ್ಲಿ ಸೇರಿಸುವಂತಿಲ್ಲ. ಮೊದಲ ಓದಿಗೆ ಇದು ವಿಚಿತ್ರವೆನಿಸೀತು. ಸ್ವಲ್ಪ ಯೋಚಿಸಿದರೆ ಅರ್ಥವಾಗುತ್ತದೆ: ನೌಕರನಿಗೆ ಸಲ್ಲಬೇಕಾದುದು ಸಮಾಜಸೇವೆಯ ಖಾತೆಗೆ ಸೇರುವುದಿಲ್ಲ. ನಮ್ಮ ಫಿಕ್‌ಹ್ ವಿದ್ವಾಂಸರು ಇದೇ ಮಾತನ್ನು ಶತಮಾನಗಳ ಹಿಂದೆಯೇ ಹೇಳಿದ್ದಾರೆ. ಸಂಬಳಕ್ಕೆ ಬದಲಾಗಿ ಝಕಾತ್ ಕೊಟ್ಟರೆ ಅದು ಝಕಾತ್ ಆಗುವುದಿಲ್ಲ. ಹೀಗಿದ್ದೂ ಶಾಬಾನ್ ತಿಂಗಳ ಸಂಬಳವನ್ನು ಬಾಕಿಯಿರಿಸಿ, ರಮಝಾನಿನಲ್ಲಿ ಅದೇ ಹುಡುಗನ ಕೈಗೆ ಅಕ್ಕಿ-ಸಕ್ಕರೆಯ ಕಿಟ್ ಕೊಟ್ಟು ಫೋಟೋ ತೆಗೆಸಿಕೊಳ್ಳುವವರನ್ನು ನಾವು ಕಂಡಿದ್ದೇವೆ.

ಬಟ್ಟೆ ಅಂಗಡಿಗಳ ಮಾಲಕರು ಇಲ್ಲಿ ಅನೇಕರಿದ್ದೀರಿ. ನಿಮ್ಮಲ್ಲಿ ದುಡಿಯುವ ಹೆಣ್ಮಕ್ಕಳು ಬೆಳಗ್ಗಿನಿಂದ ರಾತ್ರಿಯವರೆಗೆ ಎಷ್ಟು ಹೊತ್ತು ಕುಳಿತುಕೊಳ್ಳುತ್ತಾರೆ? ಕೋಝಿಕ್ಕೋಡಿನ ಮಿಠಾಯಿ ಬೀದಿಯ ಅಂಗಡಿಗಳ ಮಹಿಳೆಯರು ಈ ಪ್ರಶ್ನೆಯನ್ನು ಎತ್ತಿ ವರ್ಷಗಟ್ಟಲೆ ಹೋರಾಡಬೇಕಾಯಿತು. ಕೊನೆಗೆ 2018ರಲ್ಲಿ ಕೇರಳ ಸರಕಾರವು ಕಾನೂನಿಗೆ ತಿದ್ದುಪಡಿ ತಂದು ಆಸನವನ್ನು ಕಡ್ಡಾಯಗೊಳಿಸಿತು. 2021ರಲ್ಲಿ ತಮಿಳುನಾಡು ಅದೇ ಹಾದಿ ಹಿಡಿಯಿತು. ಒಂದು ಸ್ಟೂಲಿಗಾಗಿ ಶಾಸನಸಭೆ ಕೂಡಬೇಕಾಗಿ ಬಂದದ್ದು ವ್ಯಾಪಾರಿ ಸಮುದಾಯಕ್ಕೆ ಭೂಷಣವಲ್ಲ. ಆ ಸ್ಟೂಲಿನ ಬೆಲೆ ನಾವು ತರಿಸುವ ಒಂದು ಸನ್ಮಾನದ ಹಾರ-ಶಾಲಿನಷ್ಟೂ ಇರಲಿಕ್ಕಿಲ್ಲ.

ಲಾಭ ಬಂದ ದಾರಿಯನ್ನು ಕೇಳದೆ ದಾನವನ್ನಷ್ಟೇ ಹೊಗಳಿದರೆ ಏನಾಗುತ್ತದೆಂಬುದನ್ನು ಬೆಂಗಳೂರಿನ ಐಎಂಎ ಪ್ರಕರಣವು ನಮಗೆ ತೋರಿಸಿಕೊಟ್ಟಿದೆ. ಹಲಾಲ್ ಹೂಡಿಕೆಯ ಹೆಸರಿನಲ್ಲಿ ಹಣ ಸಂಗ್ರಹಿಸಿದ ಆ ಸಂಸ್ಥೆಯು ಶಿವಾಜಿನಗರದ ಸರಕಾರಿ ಶಾಲೆಯೊಂದನ್ನು ದತ್ತು ಪಡೆದು ಅಭಿವೃದ್ಧಿಪಡಿಸಿತು. ಗಣ್ಯರು ಬಂದು ಪ್ರಶಂಸಿಸಿದರು. 2019ರ ಜೂನ್‌ನಲ್ಲಿ ಕಚೇರಿಗೆ ಬೀಗ ಬಿತ್ತು. ಅದು ಹೊಸಬರ ಹಣವನ್ನು ಹಳಬರಿಗೆ ಹಂಚುವ ಪೊಂಝಿ ಜಾಲ, ಮೊತ್ತ ಸುಮಾರು 4,000 ಕೋಟಿ ರೂಪಾಯಿ ಎಂದು ತನಿಖಾ ಸಂಸ್ಥೆ ಆರೋಪಿಸಿತು. ಮಗಳ ಮದುವೆಗೆಂದು, ಹಜ್ಜ್‌ಗೆಂದು ಕೂಡಿಟ್ಟವರು ದೂರಿನ ಅರ್ಜಿ ಹಿಡಿದು ಸಾಲುಗಟ್ಟಿದರು. ಇಲ್ಲಿ ತಪ್ಪು ಹಣ ಕಟ್ಟಿಸಿಕೊಂಡವರದ್ದು ಮಾತ್ರವೇ? ಇಷ್ಟೊಂದು ಲಾಭ ಯಾವ ವ್ಯಾಪಾರದಿಂದ ಬರುತ್ತಿದೆ ಎಂದು ಕೇಳಬೇಕಾಗಿದ್ದ ಉಲೆಮಾಗಳು, ನಾಯಕರು ಮತ್ತು ಪತ್ರಕರ್ತರಾದ ನಾವು ಶಾಲೆಯ ಹೊಸ ಗೋಡೆಯನ್ನು ನೋಡಿ ಸುಮ್ಮನಾದೆವು.

ಇದಕ್ಕೆ ವ್ಯತಿರಿಕ್ತವಾದ ನಿದರ್ಶನವೂ ನಮ್ಮಲ್ಲೇ ಇದೆ. 1906ರಲ್ಲಿ ಹಕೀಮ್ ಅಬ್ದುಲ್ ಮಜೀದ್ ಹಳೆದಿಲ್ಲಿಯಲ್ಲಿ ಹಮ್‌ದರ್ದ್ ಎಂಬ ಯುನಾನಿ ಔಷಧದ ಅಂಗಡಿ ತೆರೆದರು. ನಮ್ಮ ಇಫ್ತಾರಿನ ರೂಹ್ ಅಫ್‌ಝಾ ಹುಟ್ಟಿದ್ದು ಅಲ್ಲಿಯೇ. 1922ರಲ್ಲಿ ಅವರು ತೀರಿಕೊಂಡಾಗ ಮಗ ಅಬ್ದುಲ್ ಹಮೀದ್ ಇನ್ನೂ ಬಾಲಕ; ವ್ಯವಹಾರವನ್ನು ಉಳಿಸಿದವರು ತಾಯಿ ರಾಬಿಆ ಬೇಗಮ್. ಮುಂದೆ ದೇಶ ವಿಭಜನೆಯಾಗಿ ತಮ್ಮ ಕರಾಚಿಗೆ ತೆರಳಿದರೂ ಅಬ್ದುಲ್ ಹಮೀದ್ ದಿಲ್ಲಿಯಲ್ಲೇ ಉಳಿದರು. 1948ರಲ್ಲಿ, ಸಮುದಾಯದ ಭವಿಷ್ಯವೇ ಅನಿಶ್ಚಿತವಾಗಿದ್ದ ದಿನಗಳಲ್ಲಿ, ಸಂಸ್ಥೆಯನ್ನು ವಕ್ಫ್ ಮಾಡಿದರು. ಅದು ಮಾರಾಟ ನಿಲ್ಲಿಸಲಿಲ್ಲ, ಲಾಭವನ್ನು ಕೀಳಾಗಿಯೂ ಕಾಣಲಿಲ್ಲ. ಆ ಲಾಭದ ಆಸರೆಯಿಂದ ಕಟ್ಟಿದ ಶಿಕ್ಷಣ ಸಂಸ್ಥೆಗಳು 1989ರಲ್ಲಿ ಜಾಮಿಆ ಹಮ್‌ದರ್ದ್ ಎಂಬ ಪರಿಗಣಿತ ವಿಶ್ವವಿದ್ಯಾಲಯವಾದುವು. ನಂತರದ ಪೀಳಿಗೆಯಲ್ಲಿ ಆಡಳಿತಕ್ಕಾಗಿ ವ್ಯಾಜ್ಯ ನಡೆದದ್ದೂ ನಿಜ. ವಕ್ಫ್ ಪತ್ರ ಬರೆದ ಮಾತ್ರಕ್ಕೆ ಮನುಷ್ಯರು ಮಲಕ್‌ಗಳಾಗುವುದಿಲ್ಲವಲ್ಲ!

ಕೊನೆಯದಾಗಿ ಈ ಸಂಘದ ಪದಾಧಿಕಾರಿಗಳಿಗೆ ನಮ್ಮದೊಂದು ಬಿನ್ನಹ. ರಮಝಾನ್ ಕಿಟ್‌ಗಾಗಿ ನೀವು ಚಂದಾ ಪಟ್ಟಿ ತಯಾರಿಸುತ್ತೀರಿ. ಅದರಲ್ಲಿ ಹೆಸರು ಮತ್ತು ಮೊತ್ತದ ಪಕ್ಕದಲ್ಲಿ ಇನ್ನೂ ಒಂದು ಕಾಲಂ ಎಳೆಯಿರಿ: ಅಂಗಡಿಯ ಕೆಲಸಗಾರರ ಸಂಬಳ ಯಾವ ತಿಂಗಳವರೆಗೆ ಪಾವತಿಯಾಗಿದೆ? ಅದನ್ನು ತುಂಬದವರಿಂದ ಚಂದಾ ಸ್ವೀಕರಿಸಬೇಕೇ ಬೇಡವೇ ಎಂಬುದನ್ನು ಊಟಕ್ಕೆ ಏಳುವ ಮುನ್ನ ಇಲ್ಲಿಯೇ ಚರ್ಚಿಸೋಣ.